ಕಂಸ ಮುಚ್ಚಿದ ಮೇಲೆ

ಆಫೀಸಿನಲ್ಲಿ ಆಕೆಗೆ ಕಂಸಕ್ಕ ಎಂದು ಹೆಸರು ಬಿದ್ದದ್ದು ಕೆಲಸಕ್ಕೆ ಸೇರಿದ ಹೊಸತರಲ್ಲೇ. ಅಲ್ಲಿ ಬಳಸುತ್ತಿದ್ದ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕಾಲಿಟ್ಟಲ್ಲೆಲ್ಲ ಕಂಸ, ಅಂದರೆ ಬ್ರಾಕೆಟ್ಟು. ಒಂದು ಸಾಲು ಬರೆದರೆ ಅದರ ಬಾಲದಲ್ಲಿ ಅರ್ಧಚಂದ್ರದಂಥ ಆ ಗುರುತುಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ನಿಂತಿರುತ್ತಿದ್ದವು. ಉಳಿದವರು ಅವುಗಳ ಲೆಕ್ಕವನ್ನು ಕಂಪ್ಯೂಟರಿಗೇ ಬಿಟ್ಟು ನಿಶ್ಚಿಂತೆಯಾಗಿದ್ದರು. ಆಕೆ ಮಾತ್ರ ಪರದೆಯ ಮೇಲೆ ಬೆರಳಿಟ್ಟು, ತೆರೆದದ್ದು ಯಾವುದು, ಅದನ್ನು ಮುಚ್ಚಿದ್ದು ಯಾವುದು ಎಂದು ಜೋಡಿ ಹುಡುಕುತ್ತಿದ್ದಳು.

"ಅಕ್ಕಾ, ನೀವು ಕಂಸನ ತಂಗಿ ಇರ್ಬೇಕು" ಎಂದು ಪಕ್ಕದ ಮೇಜಿನವರು ತಮಾಷೆ ಮಾಡಿದರು.

"ತಂಗಿ ಆದ್ರೆ ಜೈಲಲ್ಲಿ ಕೂತ್ಕೋಬೇಕಾಗುತ್ತೆ. ಅಕ್ಕ ಅಂತಾನೇ ಇಟ್ಕೊಳ್ಳಿ" ಎಂದಳು. ಹೆಸರು ಅಂಟಿಕೊಂಡಿತು.

ಬೆರಳಿಟ್ಟು ನೋಡುವ ಆ ಚಾಳಿ ಅಚ್ಚಿನ ಮನೆಯಿಂದ ಬಂದದ್ದು. ಮದುವೆಗೆ ಮುಂಚಿನಿಂದಲೂ ಆಕೆ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ಪಠ್ಯಪುಸ್ತಕ, ಔಷಧಿ ಡಬ್ಬಿಯ ಚೀಟಿ, ಮದುವೆ ಕಾರ್ಡು, ಏನೇ ಇರಲಿ, ಅವಳ ಕೆಂಪು ಪೆನ್ನು ದಾಟದೆ ಯಂತ್ರಕ್ಕೆ ಹೋಗುತ್ತಿರಲಿಲ್ಲ. ಮುದ್ರಣಾಲಯ ಬಾಗಿಲು ಹಾಕಿದಾಗ ವಯಸ್ಸು ನಲವತ್ತು ದಾಟಿತ್ತು. ಇನ್ನು ಮನೆಯಲ್ಲಿ ಕೂರುವುದೇ ಸೈ ಎಂದು ಎಲ್ಲರೂ ಅಂದುಕೊಂಡಿದ್ದರು. ಆಕೆ ಸಂಜೆ ತರಗತಿಗೆ ಸೇರಿ, ಮಗಳ ವಯಸ್ಸಿನವರ ಪಕ್ಕ ಕೂತು ಪ್ರೋಗ್ರಾಮಿಂಗ್ ಕಲಿತಳು. ಕಲಿತದ್ದು ಕೈ ಹಿಡಿಯಿತು. ಆದರೆ ಒಂದು ವಿಷಯ ಮಾತ್ರ ಅವಳಿಗೆ ಕೊನೆಗೂ ಒಗ್ಗಲಿಲ್ಲ. ಅಚ್ಚಿನ ಮನೆಯಲ್ಲಿ ತಪ್ಪು ಸಿಕ್ಕರೆ ಸಿಕ್ಕಿತು. ಕೆಂಪು ಗೆರೆ ಬಿದ್ದ ತಪ್ಪು ಎದ್ದು ಓಡಿಹೋಗುತ್ತಿರಲಿಲ್ಲ. ಇಲ್ಲಿ ತಪ್ಪು ಒಂದು ಕಡೆ, ಅದು ತಲೆ ಎತ್ತುವುದು ಇನ್ನೊಂದು ಕಡೆ.

ಅವಳ ಆಫೀಸು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕಿಟಕಿ ತೆರೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಸೆಕೆ. ಊರಿನ ಒಂದು ಕಣ್ಣಾಸ್ಪತ್ರೆಗೆ ಬೇಕಾದ ಸಾಫ್ಟ್‌ವೇರು ಮಾಡಿಕೊಡುವುದೇ ಆ ಪುಟ್ಟ ಕಂಪನಿಯ ದೊಡ್ಡ ಕೆಲಸ. ಆಸ್ಪತ್ರೆಗೆ ಊರ ನಡುವೆ ಒಂದು ಮುಖ್ಯ ಕಟ್ಟಡ, ಸುತ್ತಲಿನ ಬಡಾವಣೆಗಳಲ್ಲಿ ಶಾಖೆಗಳು. ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ಶಾಖೆಗೆ ಬನ್ನಿ ಎಂದು ರೋಗಿಗಳ ಫೋನಿಗೆ ಸಂದೇಶ ಹೋಗಬೇಕು. ಅದನ್ನು ಬರೆಯುವ ಹೊಣೆ ಕಂಸಕ್ಕನದು ಮತ್ತು ಮೇಷ್ಟ್ರದು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಏನು ಕೇಳಿದರೂ ಬೋರ್ಡಿನ ಮುಂದೆ ನಿಂತು ಬಿಡಿಸಿ ಹೇಳುತ್ತಿದ್ದರಿಂದ ಬಂದ ಹೆಸರು ಅದು. ವಯಸ್ಸಿನಲ್ಲಿ ಕಂಸಕ್ಕನಿಗಿಂತ ಚಿಕ್ಕವರು, ಹುದ್ದೆಯಲ್ಲಿ ದೊಡ್ಡವರು. ಸಂದೇಶದ ಕೆಲಸಕ್ಕೆ ಅಡಿಪಾಯ ಹಾಕಿದವರು ಅವರೇ.

ಭಾಷೆ ಫಂಕ್ಷನಲ್ ಎನ್ನುವ ಜಾತಿಯದು. ಅಲ್ಲಿ ಫಂಕ್ಷನ್ ಎಂದರೆ ಕೈಗೆ ಕೊಟ್ಟದ್ದನ್ನು ನೋಡಿ ಉತ್ತರ ಕೊಡುವ ಒಂದು ತುಂಡು ಬರಹ. ಇಂಥದ್ದು ಕೊಟ್ಟರೆ ಇಂಥದ್ದೇ ಬರುತ್ತದೆ ಎನ್ನುವ ನೆಮ್ಮದಿಯೇ ಅದರ ಹೆಚ್ಚುಗಾರಿಕೆ. ಆದರೆ ಆ ಮನೆಗೂ ಒಂದು ಹಿತ್ತಲ ಬಾಗಿಲಿದೆ. ಡೈನಾಮಿಕ್ ಎಂದು ಗುರುತು ಮಾಡಿದ ಒಂದು ಹೆಸರನ್ನು ಯಾರೂ ಕೈಗೆ ಕೊಡದಿದ್ದರೂ ಫಂಕ್ಷನ್ ಓದಿಕೊಳ್ಳಬಹುದು. ಅದಕ್ಕೆ ಎಲ್ಲ ಕಾಲಕ್ಕೂ ನಿಲ್ಲುವ ಒಂದು ಮೂಲ ಬೆಲೆ ಇರುತ್ತದೆ. ಬೇಕೆಂದಾಗ ಸ್ವಲ್ಪ ಹೊತ್ತಿಗೆ ಬೇರೆ ಬೆಲೆ ಕಟ್ಟಬಹುದು. ಹಾಗೆ ಕಟ್ಟುವುದಕ್ಕೆ ಬೈಂಡಿಂಗ್ ಎನ್ನುತ್ತಾರೆ. ಮೇಷ್ಟ್ರು 'ಶಾಖೆ' ಎಂಬ ಹೆಸರಿನ ಎರಡೂ ಪಕ್ಕ ನಕ್ಷತ್ರದ ಗುರುತು ಹಾಕಿ ಅದನ್ನು ಡೈನಾಮಿಕ್ ಮಾಡಿದ್ದರು.

ಕೋಡ್ ತೋರಿಸಿದ ದಿನವೇ ಕಂಸಕ್ಕ ಮೂಗು ಮುರಿದಿದ್ದಳು.

"ಶಾಖೆಯನ್ನ ಎಲ್ಲ ಫಂಕ್ಷನ್ನಿಗೂ ಕೈಯಾರೆ ಕೊಟ್ಬಿಡೋಣ ಮೇಷ್ಟ್ರೇ. ಯಾರಿಗೆ ಏನು ಸಿಕ್ತು ಅಂತ ಕಣ್ಣಿಗೆ ಕಾಣುತ್ತೆ."

"ಅಕ್ಕಾ, ಒಂದರ ಕೆಳಗೊಂದು ಎಷ್ಟು ಫಂಕ್ಷನ್ ಇವೆ ನೋಡಿ. ಶಾಖೆ ಬೇಕಾಗಿರೋದು ತೀರಾ ಕೊನೇದಕ್ಕೆ. ನಡುವಿನವೆಲ್ಲ ಸುಮ್ನೆ ಯಾಕೆ ಹೊರ್ಬೇಕು?" ಮೇಷ್ಟ್ರು ಬೋರ್ಡಿನ ಮೇಲೆ ಒಂದು ಜೋಡಿ ದೊಡ್ಡ ಕಂಸ ಎಳೆದರು. "ಈ ಕಂಸ ತೆರೆದಾಗ ಸೇತುವೆ ಶಾಖೆ ಅಂತ ಕಟ್ತೀನಿ. ಇದರ ಒಳಗೆ ಯಾರು ಯಾರನ್ನ ಕರೆದ್ರೂ, ಎಷ್ಟು ಆಳಕ್ಕೆ ಇಳಿದ್ರೂ, ಕೇಳಿದವರಿಗೆಲ್ಲ ಸೇತುವೆ ಶಾಖೆ ಅಂತಾನೇ ಉತ್ತರ. ಕಂಸ ಮುಚ್ತು, ಮತ್ತೆ ಹಳೇದು. ನೀರು ಕುಡಿದಷ್ಟು ಸುಲಭ."

"ಹಳೇದು ಅಂದ್ರೆ?"

"ಮೂಲ ಬೆಲೆ. ಮುಖ್ಯ ಆಸ್ಪತ್ರೆ ಅಂತ ಇಟ್ಟಿದೀನಿ."

"ಅದನ್ನ ಖಾಲಿ ಬಿಡಿ. ಎಲ್ಲಾದ್ರೂ ಕಟ್ಟೋದು ತಪ್ಪಿದ್ರೆ ಪ್ರೋಗ್ರಾಮು ಅಲ್ಲೇ ಬಿದ್ದು ಸಾಯುತ್ತೆ. ನಮಗೂ ಗೊತ್ತಾಗುತ್ತೆ."

"ಸಾಯೋದ್ಯಾಕೆ ಅಕ್ಕಾ? ಯಾವುದೋ ಒಂದು ವಿಳಾಸ ಇದ್ರೆ ಒಳ್ಳೇದಲ್ವಾ?"

ಮ್ಯಾನೇಜರು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಮೇಷ್ಟ್ರು ಹೇಳಿದ ಹಾಗೇ ಮಾಡಿ. ಬೇಗ ಆಗುತ್ತೆ" ಎಂದು ಹೋದರು. ಅಲ್ಲಿಗೆ ಆ ಮಾತು ಮುಗಿಯಿತು.

ಮೊದಮೊದಲು ಎಲ್ಲ ಸುಸೂತ್ರವಾಗಿ ನಡೆಯಿತು. ಆಮೇಲೊಂದು ದಿನ ಮುಖ್ಯ ಆಸ್ಪತ್ರೆಯ ಕೌಂಟರಿನಾಕೆ ಫೋನು ಮಾಡಿದಳು. ಶಾಖೆಗಳಿಗೆ ಹೋಗಬೇಕಾದ ಜನ ತನ್ನ ಮುಂದೆ ಬಂದು ನಿಲ್ಲುತ್ತಿದ್ದಾರೆ, ಅವರ ಫೈಲು ತನ್ನ ಬಳಿ ಇಲ್ಲ, ವೈದ್ಯರೂ ಇಲ್ಲ ಎಂದು ದೂರು.

ಕಂಸಕ್ಕ ಪರೀಕ್ಷೆಯ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದಳು. ಸೇತುವೆ ಶಾಖೆಯವರಿಗೆ ಸೇತುವೆ ಶಾಖೆ, ಮಾರುಕಟ್ಟೆ ಶಾಖೆಯವರಿಗೆ ಮಾರುಕಟ್ಟೆ ಶಾಖೆ. ಎಳ್ಳಷ್ಟೂ ತಪ್ಪಿಲ್ಲ. ಮೇಷ್ಟ್ರೂ ನೋಡಿದರು. "ನನ್ನ ಕಂಪ್ಯೂಟರಲ್ಲೂ ಸರಿಯಾಗೇ ಇದೆಯಲ್ಲ" ಎಂದು ಕೈ ತೊಳೆದುಕೊಂಡರು.

ಫೋನುಗಳು ನಿಲ್ಲಲಿಲ್ಲ. ಮ್ಯಾನೇಜರಿಗೆ ಹೇಳಿದರೆ ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಕಣ್ಣಿನ ರೋಗಿಗಳಲ್ವಾ, ತಪ್ಪಾಗಿ ಓದಿರ್ತಾರೆ."

"ಎಲ್ಲರೂ ಒಂದೇ ಥರ ತಪ್ಪಾಗಿ ಓದ್ತಾರಾ ಸರ್?"

"ನೋಡಿ, ನಿಮ್ಮ ಕಂಪ್ಯೂಟರಲ್ಲಿ ತಪ್ಪು ಬರ್ಲಿ. ಆಗ ಮಾತಾಡೋಣ."

ಹೀಗಿರುವಾಗ ಒಂದು ಮಧ್ಯಾಹ್ನ ಕೌಂಟರಿನಾಕೆಯ ಫೋನು ಮತ್ತೆ ಬಂತು. ಈ ಸಲ ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಒಂಥರಾ ಖುಷಿಯಿತ್ತು. "ಇಲ್ಲೊಬ್ಬರು ಅಜ್ಜಿ ಕೂತಿದಾರೆ. ಮೆಸೇಜು ಬರೆಯೋದೇ ನನ್ನ ಸೊಸೆ, ತಪ್ಪಿರೋಕೆ ಸಾಧ್ಯವೇ ಇಲ್ಲ ಅಂತ ಜಗಳಕ್ಕೆ ನಿಂತಿದಾರೆ. ಮಾತಾಡಿ."

ಕಂಸಕ್ಕ ಕುರ್ಚಿಯಿಂದ ಎದ್ದು ನಿಂತಳು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಿಯಾದವರು. ಮಾತು ಚುಟುಕು, ಗಂಟಲು ದೊಡ್ಡದು. ಎರಡೂ ಕಣ್ಣಿಗೆ ಪೊರೆ ಬಂದು, ಆಪರೇಷನ್ನಿಗೆ ಮುಂಚಿನ ತಪಾಸಣೆಗೆ ಹೋಗಬೇಕಿತ್ತು. ಸೇತುವೆ ಶಾಖೆ ಮನೆಯಿಂದ ಕೂಗಳತೆ ದೂರ. ಫೋನಿಗೆ ಸಂದೇಶ ಬಂದಾಗ ಅದನ್ನು ಎದುರು ಮನೆಯವರ ಕೈಲಿ ಓದಿಸಿದ್ದಾರೆ. ಮುಖ್ಯ ಆಸ್ಪತ್ರೆ ಎಂದು ಕೇಳಿ, ಯಾರನ್ನೂ ಕಾಯದೆ, ಮಬ್ಬುಗಣ್ಣಿನಲ್ಲೇ ಬಸ್ಸು ಬದಲಿಸಿಕೊಂಡು ಊರ ನಡುವಿಗೆ ಹೋಗಿದ್ದಾರೆ.

"ನಿನ್ನ ಮೆಸೇಜು ಕಳಿಸಿದ ಕಡೆ ಬಂದಿದೀನಿ" ಎಂದರು ಅತ್ತೆ. "ಇವಳು ಬೇರೆ ಕಡೆ ಹೋಗು ಅಂತಾಳೆ. ನೀನು ಸರಿಯೋ, ಇವಳು ಸರಿಯೋ?"

"ಅವರು ಹೇಳಿದ್ದೇ ಸರಿ ಅತ್ತೆ."

"ಸರಿ ಹಾಗಾದ್ರೆ. ಈ ಹುಡುಗಿ ಹತ್ರ ನಾನು ಆಡಿದ ಮಾತನ್ನೆಲ್ಲ ವಾಪಸ್ ತಗೋಬೇಕು ಈಗ" ಎಂದು ಫೋನು ಇಟ್ಟರು.

ಕಂಸಕ್ಕ ಓಡಿಹೋಗಿ ಕರೆತಂದಳು. ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತರು. ಏನೂ ಸರಿಯಾಗಿ ಕಾಣದಿದ್ದರೂ ಅತ್ತಲೇ ನೋಡುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು ಇವಳಿಗೆ.

ಮರುದಿನದಿಂದ ಆಕೆ ಬೇರೆ ಕೆಲಸ ಮುಟ್ಟಲಿಲ್ಲ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಏನೇನು ಹೇಗೆ ಹೊಂದಿಸಿದ್ದಾರೋ ಹಾಗೇ ತನ್ನದರಲ್ಲೂ ಹೊಂದಿಸಿದಳು. ಓಡಿಸಿದಳು. ಕೊನೆಗೂ ತಪ್ಪು ಅವಳ ಕಣ್ಣೆದುರೇ ಬಂತು: ಎಲ್ಲ ಶಾಖೆಗಳ ರೋಗಿಗಳಿಗೂ ಮುಖ್ಯ ಆಸ್ಪತ್ರೆಯ ವಿಳಾಸ. ಇಷ್ಟು ದಿನ ಕಾಡಿದ ಕಳ್ಳ ಸಿಕ್ಕಷ್ಟು ಸಂತೋಷವಾಯಿತು. ಎಲ್ಲಿ ಕೆಡುತ್ತಿದೆ ಎಂದು ನೋಡಲು, ತಯಾರಾದ ಸಂದೇಶಗಳ ಪಟ್ಟಿಯನ್ನು ಪರದೆಯ ಮೇಲೆ ಮುದ್ರಿಸುವ ಒಂದು ಸಾಲನ್ನು ಕಂಸದೊಳಗೆ ಸೇರಿಸಿದಳು. ಮತ್ತೆ ಓಡಿಸಿದಳು.

ತಪ್ಪು ಮಂಗಮಾಯ. ಎಲ್ಲ ವಿಳಾಸವೂ ಸರಿ.

ಸಾಲನ್ನು ತೆಗೆದಳು. ತಪ್ಪು ಬಂತು. ಹಾಕಿದಳು. ಹೋಯಿತು. ಅವಳು ನೋಡುತ್ತಿದ್ದರೆ ಸಾಧುವಿನಂತೆ ಇರುವುದು, ಬೆನ್ನು ತಿರುಗಿಸಿದರೆ ಕೆಡುವುದು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರೂ ಹಿಡಿಯಲಾಗದ ಇಂಥ ತಪ್ಪನ್ನು ಅಚ್ಚಿನ ಮನೆಯಲ್ಲಿ ಅವಳು ಕಂಡಿರಲಿಲ್ಲ. ಓದಿದ ಕೂಡಲೇ ತಾನಾಗಿ ತಿದ್ದಿಕೊಳ್ಳುವ ಅಕ್ಷರ ಎಲ್ಲಾದರೂ ಉಂಟೇ? ಕಿಟಕಿ ತೆರೆದಳು, ರಬ್ಬರಿನ ವಾಸನೆಗೆ ತಲೆ ಸಿಡಿದು ಮುಚ್ಚಿದಳು. ಮನೆಯಲ್ಲಿ ಸಾರಿಗೆ ಉಪ್ಪು ಹಾಕುವುದು ಮರೆತಳು. ಮಾರನೆಯ ದಿನ ಎರಡು ಸಲ ಹಾಕಿದಳು. ಗಂಡ ಎರಡೂ ದಿನ ತುಟಿಪಿಟಕ್ಕೆನ್ನದೆ ಉಂಡೆದ್ದ.

ಮೇಷ್ಟ್ರಿಗೆ ತೋರಿಸಿದಾಗ ಅವರು ನಕ್ಕರು. "ಆ ಪ್ರಿಂಟ್ ಸಾಲು ಮೊದಲು ನಮ್ಮದರಲ್ಲೇ ಇತ್ತು ಅಕ್ಕಾ. ಆಸ್ಪತ್ರೆಯವರಿಗೆ ನಿಧಾನ ಆಗ್ತಿದೆ ಅಂತ ಅಲ್ಲಿ ಮಾತ್ರ ಬಂದ್ ಮಾಡಿದ್ದೆ. ಅದನ್ನೇ ವಾಪಸ್ ಹಾಕಿಬಿಡಿ, ಆಯ್ತಲ್ಲ."

"ಯಾಕೆ ಸರಿಹೋಗುತ್ತೆ ಅಂತ ಗೊತ್ತಿಲ್ದೆ ಹಾಕೋದಾ?"

"ಸರಿಹೋಗುತ್ತಲ್ಲ."

ಆಕೆ ಹಲ್ಲು ಕಚ್ಚಿಕೊಂಡು ತನ್ನ ಜಾಗಕ್ಕೆ ಬಂದಳು. ಪಟ್ಟಿಯನ್ನು ಮುದ್ರಿಸುವ ಸಾಲನ್ನು ಕಿತ್ತು ಎಸೆದಳು. ಅದರ ಬದಲು, ಒಂದೊಂದು ಸಂದೇಶವನ್ನು ಬರೆಯುವ ಫಂಕ್ಷನ್ನಿನ ಹೊಟ್ಟೆಯೊಳಗೆ 'ಬರೆದೆ' ಎಂದು ಕೂಗುವ ಸಾಲು ಹಾಕಿದಳು. ಬೈಂಡಿಂಗಿನ ಕಂಸ ಮುಚ್ಚಿದ ಮೇಲೆ 'ಮುಚ್ಚಿದೆ' ಎಂದು ಕೂಗುವ ಇನ್ನೊಂದು. ಓಡಿಸಿದಾಗ ಮೊದಲು ಬಂದದ್ದು 'ಮುಚ್ಚಿದೆ'. ಅದರ ಕೆಳಗೆ ಸಾಲಾಗಿ 'ಬರೆದೆ', 'ಬರೆದೆ', 'ಬರೆದೆ'.

ಆಕೆ ಪರದೆಯ ಮೇಲೆ ಬೆರಳಿಟ್ಟು ಹಾಗೇ ಕೂತಳು.

ಆ ಭಾಷೆಯ ಪಟ್ಟಿಗಳು ಸೋಮಾರಿಗಳು. ಅದು ಬೈಗುಳವಲ್ಲ, ಅದರ ಶಾಸ್ತ್ರದಲ್ಲೇ ಇರುವ ಮಾತು. ಪಟ್ಟಿ ಮಾಡು ಎಂದರೆ 'ಆಗಲಿ, ಮಾಡುತ್ತೇನೆ' ಎಂದು ಮಾತು ಕೊಡುತ್ತವೆ. ನಿಜವಾದ ಕೆಲಸ ಮಾಡುವುದು ಯಾರಾದರೂ ಬಂದು 'ಎಲ್ಲಿ, ಕೊಡು' ಎಂದಾಗ. ಕಂಸದೊಳಗೆ ಸೇತುವೆ ಶಾಖೆ ಎಂದು ಕಟ್ಟಿದಾಗ ಪಟ್ಟಿ ಮಾತು ಕೊಟ್ಟಿತ್ತು, ಅಷ್ಟೇ. ಕಂಸ ಮುಚ್ಚಿ, ಕಟ್ಟು ಬಿಚ್ಚಿ, ಶಾಖೆ ಮೂಲ ಬೆಲೆಗೆ ಮರಳಿತು. ಆಮೇಲೆ ಸಂದೇಶ ಕಳಿಸುವ ಫಂಕ್ಷನ್ನು ಬಂದು ಕೇಳಿದಾಗ ಪಟ್ಟಿ ಮೈಮುರಿದು ಎದ್ದು ಬರೆಯತೊಡಗಿತು. ಶಾಖೆ ಯಾವುದು ಎಂದು ಕೇಳಿದರೆ ಆ ಹೊತ್ತಿಗೆ ಸಿಗುವ ಉತ್ತರ ಮುಖ್ಯ ಆಸ್ಪತ್ರೆ. ಅವಳು ಪಟ್ಟಿಯನ್ನು ಮುದ್ರಿಸಿ ನೋಡಿದಾಗಲೆಲ್ಲ, ಆ ಮುದ್ರಿಸುವ ಸಾಲೇ ಕಂಸದೊಳಗೆ ನಿಂತು 'ಎಲ್ಲಿ, ಕೊಡು' ಎಂದು ಕೇಳಿದಂತಾಗಿ, ಕೆಲಸ ಸರಿಯಾದ ಹೊತ್ತಿಗೆ ಮುಗಿಯುತ್ತಿತ್ತು.

ಪಟ್ಟಿಗೆ 'ಈಗಲೇ ಮಾಡಿ ಮುಗಿಸು' ಎಂದು ಹೇಳುವ ಒಂದು ಪದ ಆ ಭಾಷೆಯಲ್ಲಿದೆ. ಅದನ್ನು ಸೇರಿಸಿದಳು. ಸರಿಹೋಯಿತು.

ಮ್ಯಾನೇಜರು ಬದಲಾವಣೆಯನ್ನು ನೋಡಿದರು, ಇನ್ನೊಮ್ಮೆ ನೋಡಿದರು. "ಇಷ್ಟು ದಿನ ಕೂತು ಮಾಡಿದ್ದು ಒಂದು ಪದಾನಾ?"

ಮೇಷ್ಟ್ರು ಬೋರ್ಡಿನ ಹತ್ತಿರ ಹೋಗಿ, "ಹಾಗೆ ನೋಡಿದ್ರೆ ಭಾಷೆಯದೇನೂ ತಪ್ಪಿಲ್ಲ. ಪಟ್ಟಿ ಸೋಮಾರಿ ಇರ್ಬೇಕಾದದ್ದೇ. ಬೈಂಡಿಂಗ್ ಕಂಸದ ಜೊತೆ ಮುಗಿಯಬೇಕಾದದ್ದೇ. ಎರಡೂ ಸರಿ" ಎಂದರು.

"ಎರಡೂ ಸರಿ. ಜನ ಮಾತ್ರ ತಪ್ಪು ಬಸ್ಸು ಹತ್ತಿದ್ರು" ಎಂದಳು ಆಕೆ.

ಆ ನೆಮ್ಮದಿಯಾದರೂ ಉಳಿಯಿತೇ, ಅದೂ ಇಲ್ಲ. ಶಾಖೆಗಳಲ್ಲಿ ಉಚಿತ ತಪಾಸಣೆ ಏರ್ಪಾಡಾಗಿ ರಾಶಿ ರಾಶಿ ಸಂದೇಶ ಹೋದವು. ತಪಾಸಣೆಯ ದಿನ ಕೌಂಟರಿನಾಕೆ ಮತ್ತೆ ಫೋನು ಮಾಡಿದಳು. ಹಿನ್ನೆಲೆಯಲ್ಲಿ ಸಂತೆಯಂಥ ಗದ್ದಲ. "ಸರಿಮಾಡಿದೀವಿ ಅಂದ್ರಲ್ಲ, ಬಂದು ನೋಡಿ ಸರಿಯಾಗಿರೋದನ್ನ" ಎಂದಷ್ಟೇ ಹೇಳಿ ಫೋನು ಕುಕ್ಕಿದಳು.

ಕಂಸಕ್ಕನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಈ ಸಲ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಎಲ್ಲಿ ನೋಡಬೇಕೆಂದು ಗೊತ್ತಾಗಿತ್ತು. ಸಂದೇಶಗಳು ಹೆಚ್ಚಾದಾಗ ಪ್ರೋಗ್ರಾಮು ಕೆಲಸವನ್ನು ಪಾಲು ಮಾಡಿ, ಒಟ್ಟೊಟ್ಟಿಗೆ ಓಡುವ ಬೇರೆ ಬೇರೆ ಎಳೆಗಳಿಗೆ, ಅಂದರೆ ಥ್ರೆಡ್‌ಗಳಿಗೆ ಹಂಚುತ್ತಿತ್ತು. ಬೈಂಡಿಂಗ್ ಕಟ್ಟಿದ್ದು ಒಂದು ಥ್ರೆಡ್ಡಿನಲ್ಲಿ. ಅದು ಆ ಥ್ರೆಡ್ಡಿಗೆ ಮಾತ್ರ ಕಾಣುತ್ತದೆ. ಮೇಷ್ಟ್ರು ಬೇರೆಯಾಗಿ ಸಾಕಿಕೊಂಡಿದ್ದ ಕೆಲಸದ ಥ್ರೆಡ್‌ಗಳಿಗೆ ಅದನ್ನು ಯಾರೂ ದಾಟಿಸಿರಲಿಲ್ಲ. ಕಂಸ ಇನ್ನೂ ತೆರೆದೇ ಇದ್ದರೂ ಅವು ಓದಿಕೊಂಡದ್ದು ಮತ್ತದೇ ಮೂಲ ಬೆಲೆ.

"ಅದಕ್ಕೂ ಒಂದು ಪದ ಇದೆ ಅಕ್ಕಾ" ಎಂದು ಮೇಷ್ಟ್ರು ಕುರ್ಚಿ ಎಳೆದುಕೊಂಡು ಬಂದರು. "ಕಟ್ಟಿದ್ದನ್ನ ಇನ್ನೊಂದು ಥ್ರೆಡ್ಡಿಗೂ ಒಯ್ಯೋಕೆ."

"ಬೇಡ."

"ಯಾಕೆ?"

"ಇವತ್ತು ಇದಕ್ಕೊಂದು ಪದ. ನಾಳೆ ಇನ್ಯಾವುದಕ್ಕೋ ಇನ್ನೊಂದು. ಪ್ರತಿ ಸಲ ನಮಗೆ ತಿಳಿಸೋಕೆ ಯಾರೋ ಮುದುಕರು ಊರು ಸುತ್ತಬೇಕಾ ಮೇಷ್ಟ್ರೇ?" ಅವಳ ಧ್ವನಿ ಏರಲಿಲ್ಲ, ಆದರೆ ಪಕ್ಕದ ಮೇಜಿನವರು ಟೈಪು ಮಾಡುವುದನ್ನು ನಿಲ್ಲಿಸಿದರು. "ನಾನು ಶಾಖೆಯನ್ನ ಕೈಯಾರೆ ದಾಟಿಸ್ತೀನಿ. ಮೇಲಿಂದ ಕೆಳಗಿನ ತನಕ. ನಡುವಿನ ಫಂಕ್ಷನ್ನುಗಳು ಹೊರಲಿ. ಹೊತ್ತರೆ ಅವುಗಳ ಸೊಂಟ ಏನೂ ಮುರಿಯೋಲ್ಲ."

ಹಾಗೇ ಮಾಡಿದಳು. ಪ್ರತಿ ಫಂಕ್ಷನ್ ತೆರೆದು, ಅದಕ್ಕೆ ಸಿಗುವ ಸಾಮಾನಿನ ಸಾಲಿಗೆ ಶಾಖೆಯನ್ನೂ ಸೇರಿಸಿ, ಅದು ಕರೆಯುವ ಮುಂದಿನದಕ್ಕೂ ಕೊಟ್ಟು, ಎಲ್ಲಿ ಬಿಟ್ಟುಹೋಯಿತು ಎಂದು ಬೆರಳಿಟ್ಟು ಹುಡುಕಿ, ಮೈಕೈ ನೋಯುವಂಥ ಬೇಸರದ ಕೆಲಸ. ನಕ್ಷತ್ರದ ಗುರುತಿನ ಆ ಹೆಸರನ್ನು ಬೇರುಸಮೇತ ಕಿತ್ತಳು. ಮೇಷ್ಟ್ರು ಹಾದುಹೋಗುವಾಗಲೆಲ್ಲ ಇಣುಕಿ, "ಅಂದಗೆಟ್ಟುಹೋಯ್ತು ಕೋಡು" ಎಂದು ನಿಟ್ಟುಸಿರು ಬಿಡುತ್ತಿದ್ದರು. ಮ್ಯಾನೇಜರು ದಿನಕ್ಕೊಮ್ಮೆ ಬಂದು "ಆಯ್ತಾ?" ಎನ್ನುತ್ತಿದ್ದರು.

ಆಯಿತು. ಹೊಸದು ಆಸ್ಪತ್ರೆಗೆ ಹೋಯಿತು. ಕೌಂಟರಿನಾಕೆಯ ಫೋನು ನಿಂತಿತು. ಸರಿಹೋಯಿತು ಎಂದು ಹೇಳಲು ಯಾರು ತಾನೆ ಫೋನು ಮಾಡುತ್ತಾರೆ? ವಾರದ ಸಭೆಯಲ್ಲಿ ಮ್ಯಾನೇಜರು, "ತಂಡದ ಶ್ರಮದಿಂದ ಒಂದು ಸಣ್ಣ ತಾಂತ್ರಿಕ ತೊಂದರೆ ಬಗೆಹರಿದಿದೆ" ಎಂದು ತಿಪ್ಪೆ ಸಾರಿಸಿದರು. ಮೇಷ್ಟ್ರು ತಲೆದೂಗಿದರು. ಕಂಸಕ್ಕ ಕಿಟಕಿಯ ಕಡೆ ನೋಡಿದಳು.

ಅತ್ತೆಯ ಒಂದು ಕಣ್ಣಿನ ಆಪರೇಷನ್ ಸೇತುವೆ ಶಾಖೆಯಲ್ಲೇ ಸುಸೂತ್ರವಾಗಿ ಆಯಿತು. ಆಮೇಲಿನ ಒಂದು ಭಾನುವಾರ ಬೆಳಿಗ್ಗೆ, ಅತ್ತೆಯನ್ನು ಕುರ್ಚಿಯಲ್ಲಿ ಒರಗಿಸಿ ಆಕೆ ಹನಿ ಔಷಧಿ ಹಾಕಲು ನಿಂತಿದ್ದಳು. ಆಗಲೇ ಫೋನು ಗುಣುಗಿತು. ಮೇಷ್ಟ್ರು ಹೊಸ ಕೋಡು ಬರೆದು, ನೋಡಿ ಒಪ್ಪಿಗೆ ಕೊಡಿ ಎಂದು ಕಳಿಸಿದ್ದರು. ಸಂದೇಶದಲ್ಲಿ ಇನ್ನು ಮುಂದೆ ವೈದ್ಯರ ಹೆಸರೂ ಬರಬೇಕಂತೆ. ಮೊದಲ ಸಾಲಿನಲ್ಲೇ 'ವೈದ್ಯ' ಎಂಬ ಹೆಸರು, ಅದರ ಎರಡೂ ಪಕ್ಕ ನಕ್ಷತ್ರ. ಆಗಲೇ ಮ್ಯಾನೇಜರ ಒಪ್ಪಿಗೆಯೂ ಬಿದ್ದಿತ್ತು.

ಕಂಸಕ್ಕನ ಕೈ ಹಾಗೇ ನಿಂತಿತು.

"ಏನಾಯ್ತು?" ಎಂದರು ಅತ್ತೆ, ಕಣ್ಣು ಅರಳಿಸಿಕೊಂಡೇ.

"ಆಫೀಸಿಂದು."

"ಅವತ್ತು ನನ್ನ ಊರೆಲ್ಲ ಸುತ್ತಿಸಿದ್ದೇನಾ?"

"ಅದರ ತಮ್ಮ."

"ಒಪ್ಕೋತೀಯಾ?"

"ಇಲ್ಲ ಅತ್ತೆ. ಆದ್ರೆ ನಾನು ಒಪ್ಪದಿದ್ರೂ ಅದು ಹೋಗುತ್ತೆ. ಮೇಲಿನವರು ಆಗ್ಲೇ ಸರಿ ಅಂದಿದಾರೆ."

"ಹಾಗಾದ್ರೆ ನೀನು ಬೇಡ ಅಂದಿದ್ದು ಎಲ್ಲರಿಗೂ ಕಾಣೋ ಹಾಗೆ ಬರೆದು ಹಾಕು. ಆಮೇಲೆ ಹಾಕು, ಮೊದಲು ಈ ಹನಿ ಹಾಕು. ಕತ್ತು ನೋಯ್ತಾ ಇದೆ."

ಆಕೆ ಹನಿ ಹಾಕಿದಳು. ಸೀಸೆಯ ಮುಚ್ಚಳ ತಿರುಗಿಸಿಟ್ಟು, ಅಲ್ಲೇ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾ, ಯಾಕೆ ಬೇಡ ಎಂದು ಮೊದಲಿನಿಂದ ಬರೆಯತೊಡಗಿದಳು.